ಗೇರ್‌ಬಾಕ್ಸಿನ ಎಣ್ಣೆಗೆ ಭಡಂಗದ ಪರೀಕ್ಷೆ

ಮಿರಜದ ಕೃಷ್ಣಾತೀರ ಅರಿಶಿಣ ಮತ್ತು ಬೆಲ್ಲ ಸಾಗಾಟ ಸಹಕಾರಿ ಸಂಘದ ನಿಯಮಾವಳಿಯ ಪ್ರಕಾರ, ಇಪ್ಪತ್ತೊಂದು ದಿನ ಒಂದೇ ಜಾಗದಲ್ಲಿ ನಿಂತ ಯಾವುದೇ ವಾಹನವನ್ನು ಕಟ್ಟಡವೆಂದು ಪರಿಗಣಿಸತಕ್ಕದ್ದು. ಕಟ್ಟಡಕ್ಕೆ ಡ್ರೈವರ್ ಬೇಕಾಗುವುದಿಲ್ಲವಾದ್ದರಿಂದ, ಸದರಿ ವಾಹನದ ಡ್ರೈವರನನ್ನು ಅದೇ ಸಂಜೆಯಿಂದ ಕಾವಲುಗಾರನೆಂದು ಪರಿಗಣಿಸತಕ್ಕದ್ದು. ಈ ನಿಯಮ ಯಾರು ಮಾಡಿದರು, ಯಾಕೆ ಮಾಡಿದರು ಎಂದು ಈವರೆಗೆ ಯಾರೂ ಕೇಳಿಲ್ಲ. ಹಿಂದೊಮ್ಮೆ ಸಂಘದ ಟ್ರ್ಯಾಕ್ಟರೊಂದು ಹೀಗೆಯೇ ಕಟ್ಟಡವಾಯಿತು. ಈಗ ಅದಕ್ಕೆ ಮನೆ ತೆರಿಗೆ ಬರುತ್ತದೆ, ಸಂಘ ವೇಳೆಗೆ ಸರಿಯಾಗಿ ಕಟ್ಟುತ್ತದೆ.

ಸಂಘದ ಟ್ರಕ್ ಡ್ರೈವರ್ ಸತ್ಯಪ್ಪನಿಗೆ ಈ ನಿಯಮ ಬಾಯಿಪಾಠವಾಗಿತ್ತು. ಯಾಕೆಂದರೆ ಆ ಟ್ರ್ಯಾಕ್ಟರಿನ ಡ್ರೈವರ್ ಈಗಲೂ ಅದರ ಪಕ್ಕ ಕೋಲು ಹಿಡಿದು ಸ್ಟೂಲಿನ ಮೇಲೆ ಕೂತಿರುತ್ತಾನೆ. ಸತ್ಯಪ್ಪ ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕುರಿಗಳ ಹಿಂದೆ ನಡೆದು ನಡೆದೇ ಸವೆದವರು. ಮನೆತನದಲ್ಲಿ ಕೂತುಕೊಂಡು ಮುಂದೆ ಹೋದ ಮೊದಲಿಗ ಇವನೇ. ಏನಾದರೂ ಆಗಲಿ, ಕೋಲು ಮಾತ್ರ ಮತ್ತೆ ಕೈಗೆ ಬರಬಾರದು ಎಂಬುದು ಅವನ ಒಂದೇ ಆಸೆ.

ಹೋದ ವರ್ಷ ಸಂಘ ಆಟೋಮ್ಯಾಟಿಕ್ ಗೇರಿನ ಟ್ರಕ್ ತಂದಿತ್ತು. ಕ್ಲಚ್ ತುಳಿಯುವಂತಿಲ್ಲ, ಗೇರ್ ತಾನೇ ಬದಲಾಗುತ್ತದೆ. ಪೂಜೆಯ ದಿನ ಚೇರಮನ್ ಪಾಯಪ್ಪನವರು ತೆಂಗಿನಕಾಯಿ ಒಡೆದು, "ಇನ್ನ ಮ್ಯಾಲೆ ನಮ್ಮ ಸಂಘದಾಗ ಯಾರೂ ಏನೂ ಮಾಡೂದು ಬ್ಯಾಡ, ಎಲ್ಲಾ ತಾನ ಆಗ್ತದ" ಎಂದು ಭಾಷಣ ಮಾಡಿದರು. ನೌಕರರು ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಡಿಸೆಂಬರಿನಲ್ಲಿ ಟ್ರಕ್ ಗೇರ್ ಬದಲಿಸುವಾಗೆಲ್ಲ ಬಿಕ್ಕಳಿಸತೊಡಗಿತು. ಕುಪವಾಡ ಕೈಗಾರಿಕಾ ವಸಾಹತಿನ ಗಾಡಿ ಮಿಸ್ತ್ರಿ ಅಳತೆ ಕಡ್ಡಿ ಎಳೆದು ಮೂಸಿ, ಕೆಂಪಗಿರಬೇಕಾದ ಎಣ್ಣೆ ಕಪ್ಪಗಾಗಿದೆ, ಬದಲಿಸಿ ಎಂದ. ಸತ್ಯಪ್ಪ ಸಂಘದ ಖರೀದಿ ಕ್ಲಾರ್ಕ್ ತ್ರಿಶಲಾಳ ಟೇಬಲ್ಲಿನ ಮುಂದೆ ನಿಂತ.

"ಮ್ಯಾಡಂ, ಗೇರಿನ ಎಣ್ಣಿ ಬದಲಿ ಮಾಡಬೇಕ್ರಿ. ಯಾವ ನಂಬರಿಂದು ಅಂತ ಗಾಡಿ ಪುಸ್ತಕದಾಗ ಬರದಾರ. ಅಳತಿ ಕಡ್ಡಿ ಮ್ಯಾಲೂ ಕೊರದಾರ."

"ಪುಸ್ತಕ ಬರದಾವ್ರು ಯಾರು ಕಾಕಾ?"

"ಗಾಡಿ ಮಾಡಿದವ್ರು ರೀ."

"ಅವ್ರು ನಮ್ಮ ಸಂಘದ ಸಭಾಸದರೇನು?"

"ಅಲ್ರಿ."

ತ್ರಿಶಲಾ ಫೈಲಿನ ಅಂಚಿಗೆ 'ಹೊರಗಿನವರ ಸಲಹೆ, ಗಮನಿಸಬೇಕಾಗಿಲ್ಲ' ಎಂದು ಬರೆದು ನಿಯಮ ಹದಿನಾಲ್ಕನ್ನು ತೆಗೆದಳು. ಸಂಘದ ಕ್ಯಾಂಟೀನಿಗೆ ಒಮ್ಮೆ ಕಮಟು ಎಣ್ಣೆ ಬಂದಾಗ ಮಾಡಿದ ನಿಯಮ ಅದು. ಹೀಗಿತ್ತು:

'ಎಣ್ಣೆ ಯಾವುದೇ ಇರಲಿ, ಯಾವ ಕೆಲಸಕ್ಕೇ ಇರಲಿ, ಮೊದಲು ಹಳೆಯ ಪಾತ್ರೆಯನ್ನು ಪೂರ್ತಿ ಖಾಲಿ ಮಾಡಿ ತೋರಿಸತಕ್ಕದ್ದು. ಆಮೇಲೆ ಮೂರು ನಮೂನೆ ತರಿಸಿ, ಪ್ರತಿಯೊಂದರಲ್ಲೂ ಕ್ಯಾಂಟೀನ್ ಮುಖ್ಯಸ್ಥರು ಚುರುಮುರಿಗೆ ಒಗ್ಗರಣೆ ಕೊಟ್ಟು ಭಡಂಗ ಮಾಡತಕ್ಕದ್ದು. ಆಡಳಿತ ಮಂಡಳಿಯ ಒಂಬತ್ತೂ ಸಂಚಾಲಕರು ಸೂರ್ಯಾಸ್ತದೊಳಗೆ ರುಚಿ ನೋಡಿ ಮಾರ್ಕು ಹಾಕತಕ್ಕದ್ದು.'

"ಭಡಂಗ?" ಎಂದ ಸತ್ಯಪ್ಪ.

"ಬೆಳ್ಳುಳ್ಳಿ ಹಾಕೂದಿಲ್ಲ, ಹೆದರಬ್ಯಾಡ್ರಿ" ಎಂದಳು ತ್ರಿಶಲಾ.

ಅದೇ ದಿನ ಗೇರ್‌ಬಾಕ್ಸಿನ ಎಣ್ಣೆಯೆಲ್ಲ ಬಸಿದು, ಖಾಲಿಯಾದದ್ದನ್ನು ಮೂವರಿಗೆ ತೋರಿಸಿ ಸಹಿ ಪಡೆಯಲಾಯಿತು. ಟ್ರಕ್ ನಿಂತಿತು. ಸತ್ಯಪ್ಪ ಮನೆಯ ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೆ ಗೆರೆ ಎಳೆದ.

ಸಂಚಾಲಕರೆಲ್ಲ ಜೈನ ಮನೆತನದವರು, ಬೆಳ್ಳುಳ್ಳಿ ಮುಟ್ಟುವವರಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ಆದರೆ ಹೊಲ, ಅಂಗಡಿ ಮುಗಿಸಿ ಸಭೆಗೆ ಬರುವಷ್ಟರಲ್ಲಿ ಐದೂವರೆ ಆಗುತ್ತಿತ್ತು. ನಾಲ್ಕನೆಯ ದಿನದ ಸಭೆಯಲ್ಲಿ ಹಿಂದಿನ ಸಭೆಯ ವರದಿ ಓದುವಷ್ಟರಲ್ಲಿ ಸೂರ್ಯ ಮುಳುಗಿದ. ಎಂಟನೆಯ ದಿನ, ನಾಲ್ಕನೆಯ ದಿನ ಸೂರ್ಯ ಯಾಕೆ ಮುಳುಗಿದ ಎಂಬ ಚರ್ಚೆ ನಡೆಯುತ್ತಿದ್ದಾಗ ಮತ್ತೆ ಮುಳುಗಿದ. ಹನ್ನೆರಡನೆಯ ದಿನ, ಸೂರ್ಯಾಸ್ತವನ್ನು ಅರ್ಧ ತಾಸು ಮುಂದೂಡುವಂತೆ ಸಂಬಂಧಪಟ್ಟವರಿಗೆ ಪತ್ರ ಬರೆಯಲು ಒಮ್ಮತದ ಠರಾವು ಆಯಿತು. ಪತ್ರಕ್ಕೆ ಉತ್ತರ ಬಂದಿಲ್ಲ. ಜ್ಞಾಪನಪತ್ರ ಕಳಿಸಲಾಗಿದೆ.

"ಸಾಹೇಬ್ರ, ಮಧ್ಯಾಹ್ನ ಸಭಾ ಇಟ್ರ ಹೆಂಗ್ರಿ?" ಎಂದು ಸತ್ಯಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಇಂಥಾ ವಿಚಾರ ಡ್ರೈವರಗ ಬರಬಾರದು" ಎಂದರು ಪಾಯಪ್ಪ. ಆದರೆ ಹದಿನೇಳನೆಯ ದಿನ ಮಧ್ಯಾಹ್ನ ಮೂರಕ್ಕೇ ಒಂಬತ್ತೂ ಮಂದಿ ಬಂದರು. ಅಂದು ಪಾಯಪ್ಪನವರ ಅಳಿಯ ಸಂಮೇದ ಎಲ್ಲರಿಗೂ ಊಟ ಇಟ್ಟಿದ್ದ. ಸಂಮೇದನದು ಕುಪವಾಡದಲ್ಲಿ ಶೇಂಗಾ ಎಣ್ಣೆಯ ಗಾಣ. ಮೂರು ನಮೂನೆಗಳಲ್ಲಿ ಒಂದು ಅವನದೇ. ಇದು ಕೇವಲ ಕಾಕತಾಳೀಯವೆಂದು ಸಭೆಯ ವರದಿಯಲ್ಲಿ ಎರಡು ಸಲ ದಾಖಲಾಗಿದೆ.

ಕ್ಯಾಂಟೀನ್ ಮುಖ್ಯಸ್ಥೆ ಹೀರಾಬಾಯಿಗೆ ಅರವತ್ತು ದಾಟಿದೆ, ಸಂಘದಲ್ಲಿ ಯಾರಿಗೂ ಹೆದರುವುದಿಲ್ಲ. ಮೊದಲ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಕೆಂಪಗೆ ಹೊಳೆಯುವ ಎಣ್ಣೆ. ಸತ್ಯಪ್ಪ ತಾನೇ ಸಾಂಗಲಿಗೆ ಹೋಗಿ, ಪುಸ್ತಕದ ನಂಬರು ತೋರಿಸಿ ತಂದದ್ದು.

"ಇದೇನೋ, ಕುಂಕುಮ ಕಲಸೀಯೇನು?"

"ಇದು ಟ್ರಕ್ಕಿಂದು ಮಾವಶಿ."

"ಟ್ರಕ್ಕಿಂದಿದ್ರ ಟ್ರಕ್ಕಿನ್ಯಾಗ ಹಾಕು ಹೋಗ. ನನ್ನ ಕಡಾಯಿ ಯಾಕ ಹೊಲಸ ಮಾಡ್ತಿ?"

ಹದಿನೇಳು ದಿನದಲ್ಲಿ ಆ ಕಂಪೌಂಡಿನೊಳಗೆ ಕೇಳಿಬಂದ ಮೊದಲ ಬುದ್ಧಿಯ ಮಾತು ಅದು. ಸತ್ಯಪ್ಪನಿಗೆ ಅವಳ ಕಾಲು ಮುಟ್ಟಬೇಕೆನಿಸಿತು. ಅಷ್ಟರಲ್ಲಿ ಪಾಯಪ್ಪ, "ಹೀರಾಬಾಯಿ, ಅಭಿಪ್ರಾಯ ಬ್ಯಾಡ. ಒಗ್ಗರಣಿ ಹಾಕ್ರಿ" ಎಂದರು.

ಕೆಂಪು ಎಣ್ಣೆ ಕಾದು ಕಡಾಯಿಯಿಂದ ಹೊಗೆ ಎದ್ದಿತು. ಸಂಚಾಲಕರು ಹೊರಗೋಡಿ ಕಿಟಕಿಯಿಂದಲೇ ರುಚಿ ನೋಡಿದರು. ಬಣ್ಣಕ್ಕೆ ಎರಡು ಮಾರ್ಕು ಬಂತು, ಘಮಕ್ಕೆ ಸೊನ್ನೆ, ರುಚಿಗೆ ಸೊನ್ನೆ. ಎರಡನೆಯ ಡಬ್ಬಿಯಲ್ಲಿದ್ದುದು ಎಂಜಿನ್ ಎಣ್ಣೆ, ಅದನ್ನು ಹೀರಾಬಾಯಿ ಒಲೆಯ ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ಮೂರನೆಯದು ಸಂಮೇದನ ಶೇಂಗಾ ಎಣ್ಣೆ. ಚುರುಮುರಿ ಗರಿಗರಿಯಾಗಿ ಬಂತು. ಸಂಚಾಲಕರು ಒಂದು ಸಲ ತಿಂದು ಮಾರ್ಕು ಹಾಕಿದರು, ಮಾರ್ಕು ಸರಿಯಿದೆಯೇ ಎಂದು ನೋಡಲು ಇನ್ನೊಂದು ಸಲ ತಿಂದರು.

"ಸಾಹೇಬ್ರ, ಟ್ರಕ್ಕ ಭಡಂಗ ತಿನ್ನೂದಿಲ್ರಿ" ಎಂದ ಸತ್ಯಪ್ಪ, ಕೈ ಜೋಡಿಸಿ.

"ಸತ್ಯಪ್ಪಾ, ಒಂಬತ್ತ ಮಂದಿ ಸಂಚಾಲಕರು ತಿಂದು ಪಾಸ ಮಾಡ್ಯಾರ. ಟ್ರಕ್ಕ ಏನ ನಮಗಿಂತ ದೊಡ್ಡದೇನು?" ಎಂದರು ಪಾಯಪ್ಪ, ಮೀಸೆಯಲ್ಲಿ ಸಿಕ್ಕಿದ್ದ ಶೇಂಗಾ ಕಾಳು ತೆಗೆಯುತ್ತ. "ತಕರಾರು ಇದ್ರ ಬರದ ಕೊಡು. ಹದಿನೈದ ದಿನದಾಗ ಮತ್ತ ಪರೀಕ್ಷಾ ಇಡೂಣು."

ಉಳಿದದ್ದು ನಾಲ್ಕು ದಿನ. ಸತ್ಯಪ್ಪ ಕಂಪೌಂಡಿನ ಮೂಲೆಗೆ ನೋಡಿದ. ಸ್ಟೂಲಿನ ಮೇಲಿದ್ದವನು ಕೋಲು ಎತ್ತಿ ಸಲಾಮು ಹೊಡೆದ. ಸತ್ಯಪ್ಪ 'ತಕರಾರು ಇಲ್ಲ' ಎಂದು ಸಹಿ ಮಾಡಿದ.

ಎಣ್ಣೆ ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಬಂತು. ಗೇರ್‌ಬಾಕ್ಸಿಗೆ ಹದಿನೆಂಟು ಲೀಟರ್, ಪರೀಕ್ಷೆಯ ಖರ್ಚೆಂದು ಎಂಬತ್ತು ಲೀಟರ್. ಸತ್ಯಪ್ಪ ಪುಸ್ತಕವನ್ನು ಸೀಟಿನ ಕೆಳಗೆ ಬೋರಲು ಹಾಕಿ, ಅದು ನೋಡದಂತೆ, ಶೇಂಗಾ ಎಣ್ಣೆ ಸುರಿದ.

ಅಂದೇ ಸಂಜೆ ಐದಕ್ಕೆ ತ್ರಿಶಲಾ ಪೇಂಟರನನ್ನು ಕರೆದುಕೊಂಡು ಬಂದಳು. ಅವನು ಬಂಪರಿನ ಮೇಲೆ 'ಕಟ್ಟಡ ಕ್ರಮಾಂಕ ೨' ಎಂದು ಬರೆಯಲು ಸುಣ್ಣದ ಗೆರೆ ಎಳೆದ. ಹೊಸ ಕೋಲೂ ಬಂದಿತ್ತು.

"ಕಾಕಾ, ಗಾಡಿ ಹೊಂಟ್ರ ಈಗ ಹೊರಡ್ರಿ. ಆರಕ್ಕ ನಾ ರಜಿಸ್ಟರ ಮುಚ್ತೇನಿ."

ಸತ್ಯಪ್ಪ ಎಂಜಿನ್ ಶುರು ಮಾಡಿ ಮುಂದಿನ ಗೇರಿಗೆ ಹಾಕಿದ. ಟ್ರಕ್ ಗುಡುಗಿತು, ನಡುಗಿತು, ಅಡಿಯಿಂದ ಒಗ್ಗರಣೆಯ ಘಮ ಎದ್ದಿತು. ಗೋದಾಮಿನ ನೌಕರರು ತಟ್ಟೆ ಹಿಡಿದು ಸಾಲು ನಿಂತರು. ಚಕ್ರ ಮಾತ್ರ ಉರುಳಲಿಲ್ಲ. ಮತ್ತೆ ಹಾಕಿದ, ಮತ್ತೆ ತೆಗೆದ. ಐದೂ ಐವತ್ತಕ್ಕೆ, ಬೇರೇನೂ ತೋಚದೆ ರಿವರ್ಸ್ ಹಾಕಿದ.

ಟ್ರಕ್ ಬೆಣ್ಣೆಯ ಮೇಲೆ ಜಾರಿದಂತೆ ಹಿಂದಕ್ಕೆ ಹೊರಟಿತು.

"ಮ್ಯಾಡಂ!" ಸತ್ಯಪ್ಪ ಕಿಟಕಿಯಿಂದ ಕುತ್ತಿಗೆ ಹೊರಹಾಕಿ ಕೂಗಿದ. "ನಿಯಮದಾಗ ಗಾಡಿ ನಿಲ್ಲಬಾರದು ಅಂತ ಐತಿ. ಯಾವ ಕಡೆ ಹೋಗಬೇಕು ಅಂತ ಐತೇನ್ರಿ?"

ತ್ರಿಶಲಾ ನಿಯಮಾವಳಿ ತಿರುವಿ, "ಇಲ್ಲ ಕಾಕಾ" ಎಂದಳು. ಸತ್ಯಪ್ಪ ಗೇಟು ದಾಟಿ, ಮ್ಹೈಸಾಳ ಊರಿನವರೆಗೆ ಹಿಂದಕ್ಕೇ ಹೋದ.

ಮರುದಿನ ಸುತ್ತೋಲೆ ಹೊರಟಿತು: 'ಸಂಘದ ಟ್ರಕ್ಕಿನ ಹಿಂಭಾಗವನ್ನು ಇನ್ನು ಮುಂದೆ ಮುಂಭಾಗವೆಂದೂ, ಮುಂಭಾಗವನ್ನು ಹಿಂಭಾಗವೆಂದೂ ತಿಳಿಯತಕ್ಕದ್ದು. ಎದುರಿಗೆ ಬರುವವರು ಸಹಕರಿಸತಕ್ಕದ್ದು.' ಮಿರಜದ ನಾಕೆಯಲ್ಲಿ ಟ್ರಾಫಿಕ್ ಪೊಲೀಸ ಒಮ್ಮೆ ತಡೆದ. ಸುತ್ತೋಲೆ ಓದಿದ, ಕೆಳಗೆ ಒತ್ತಿದ ಸಂಘದ ಶಿಕ್ಕಾ ಗುಂಡಗಿದೆಯೋ ಇಲ್ಲವೋ ನೋಡಿದ, ಗುಂಡಗಿತ್ತು, ಬಿಟ್ಟ. ಸಾಂಗಲಿ ಪೇಟೆಯ ವ್ಯಾಪಾರಿಗಳಿಗೆ ಈ ಪದ್ಧತಿಯೇ ಹಿಡಿಸಿತು, ಮೊದಲು ಬೆಲ್ಲ ಬಂದು ಮುಟ್ಟುತ್ತದೆ, ಡ್ರೈವರ್ ಆಮೇಲೆ ಬರುತ್ತಾನೆ. ಎರಡು ತಿಂಗಳಲ್ಲಿ ಸತ್ಯಪ್ಪನ ಕುತ್ತಿಗೆ ಬಲಕ್ಕೆ ತಿರುಗಿ ಹಾಗೆಯೇ ನಿಂತಿತು. ಸಂಘ ಅವನ ಗುರುತಿನ ಚೀಟಿಗೆ ಪಕ್ಕದಿಂದ ಹೊಸ ಫೋಟೋ ತೆಗೆಸಿಕೊಟ್ಟಿತು. ನಪಾಸಾದ ಕೆಂಪು ಎಣ್ಣೆಯನ್ನು ಹೀರಾಬಾಯಿ ಕ್ಯಾಂಟೀನ್ ಬಾಗಿಲಿನ ಬಿಜಾಗರಿಗೆ ಹಾಕಿದಳು. ಈಗ ಇಡೀ ಸಂಘದಲ್ಲಿ ಸದ್ದಿಲ್ಲದೆ ಹಿಂದೆಯೂ ಮುಂದೆಯೂ ಹೋಗುವುದು ಆ ಬಾಗಿಲೊಂದೇ.

ಹೊಸ ಟ್ರಕ್ಕಿಗೂ ಠರಾವು ಆಗಿದೆ. ಮುಂದಿನ ಗೇರ್ ಇಲ್ಲದ ಮಾಡೆಲ್ ಬೇಕೆಂದು ಕಂಪನಿಗೆ ಬರೆದಿದ್ದರು. ಸಿಗುತ್ತದೆ, ಆದರೆ ಅದಕ್ಕೆ ಬೆಲೆ ಜಾಸ್ತಿ ಎಂದು ಉತ್ತರ ಬಂದಿದೆ.

ಮನೆಯಲ್ಲಿ ಹೆಂಡತಿ ದುಂಡವ್ವ ಮಾತ್ರ ಮೊದಲ ದಿನ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ನಿಮ್ಮಪ್ಪ ಕುರಿ ಹಿಂದ ನಡದ್ರೂ ಮುಂದ ಹೋಗ್ತಿದ್ದ. ನೀವು ನೋಡಿದ್ರ ಕುಂತಕೊಂಡು ಹಿಂದ ಹೊಂಟೀರಿ!"

"ಹಿಂದಲ್ಲ ಅದು" ಎಂದ ಸತ್ಯಪ್ಪ ಗಂಭೀರವಾಗಿ, ಕಿಸೆಯಿಂದ ಸುತ್ತೋಲೆ ತೆಗೆದು. "ಶಿಕ್ಕಾ ಐತಿ, ನೋಡು."

ದುಂಡವ್ವನಿಗೆ ಓದಲು ಬರುವುದಿಲ್ಲ. ಶಿಕ್ಕಾ ನೋಡಿದಳು. ಮರುದಿನ ಬೆಳಿಗ್ಗೆಯಿಂದ ಅವಳೂ ಬುತ್ತಿ ಹಿಡಿದುಕೊಂಡು, ಟ್ರಕ್ಕಿನ ಹಿಂದೆ, ಅಂದರೆ ಮುಂದೆ, ಬಂದು ನಿಲ್ಲತೊಡಗಿದಳು.