ಊಟಕ್ಕೆ ಮೊದಲೊಂದು ನಗೆ

ನಾನು ಹುಟ್ಟಾ ಗಂಟುಮೋರೆಯವನಲ್ಲ. ಅದನ್ನು ಕಷ್ಟಪಟ್ಟು ಸಂಪಾದಿಸಿದ್ದೇನೆ. ನಿಜಾಮರ ಕಾಲದಲ್ಲಿ ಸಿಂಧನೂರಿನ ಕಚೇರಿಗೆ ಗುಮಾಸ್ತನಾಗಿ ಸೇರಿದಾಗ, ಹಿರಿಯ ಪೇಶ್ಕಾರರು ನನಗೆ ಮೊದಲು ಕಲಿಸಿದ್ದೇ ಮುಖ ಬಿಗಿಯುವುದನ್ನು. ನಕ್ಕರೆ ಬಂದವರು ಕೂತುಬಿಡುತ್ತಾರೆ, ಕೂತವರು ಏಳುವುದಿಲ್ಲ ಎಂಬುದು ಅವರ ವಾದ. ನಿಜಾಮರು ಹೋದರು, ಪೇಶ್ಕಾರರು ನಿವೃತ್ತರಾದರು, ಕಚೇರಿಯ ಮೊಹರೂ ಬದಲಾಯಿತು. ನನ್ನ ಮೋರೆ ಮಾತ್ರ ಬಿಗಿದದ್ದು ಬಿಗಿದ ಹಾಗೇ ಉಳಿಯಿತು.

ಅದರ ಪೆಟ್ಟು ಬಿದ್ದದ್ದು ಹೊಟ್ಟೆಗೆ. ಅರ್ಧ ರೊಟ್ಟಿ ತಿಂದರೂ ಕಲ್ಲಿನಂತೆ ಕೂರುತ್ತಿತ್ತು. ಲಿಂಗಸುಗೂರಿಗೆ ಬಂದ ಮೇಲೆ ಒಂದು ದಿನ ಬಸ್ಸು ಹತ್ತಿ ಮುದಗಲ್ಲಿನ ಹಕೀಮರ ಹತ್ತಿರ ಹೋದೆ. ಅವರು ನಾಡಿ ಹಿಡಿದು, ನಾಡಿಗಿಂತ ಹೆಚ್ಚು ಹೊತ್ತು ನನ್ನ ಮುಖವನ್ನೇ ನೋಡಿದರು.

"ದವಾ ಬ್ಯಾಡ್ರಿ. ಊಟಕ್ಕ ಕುಂದ್ರೂಕಿಂತ ಮೊದ್ಲ ಮನಿಯವ್ರ ಮಾರಿ ನೋಡಿ ಒಮ್ಮೆ ನಗ್ರಿ."

ಒಂದು ಪೊಟ್ಟಣ ಪುಡಿಯೂ ಸಿಗಲಿಲ್ಲವಲ್ಲ ಎಂಬ ಬೇಸರದಲ್ಲೇ ಸಂಜೆ ಮನೆ ಸೇರಿದೆ. ಹೆಂಡತಿ ಶಾಂತವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಹಲ್ಲು ಬಿಟ್ಟೆ. ಬಡಿಯುವ ಸಪ್ಪಳ ನಿಂತಿತು.

"ಈ ಸಲ ಯಾವೂರಿಗ್ರಿ?" ಎಂದಳು.

ತಪ್ಪು ನನ್ನದೇ. ಹಿಂದೆ ಮಸ್ಕಿಗೆ ವರ್ಗವಾದಾಗ ಒಮ್ಮೆ, ಅಲ್ಲಿಂದ ಲಿಂಗಸುಗೂರಿಗೆ ವರ್ಗವಾದಾಗ ಇನ್ನೊಮ್ಮೆ, ಸುದ್ದಿ ಹಗುರಾಗಲೆಂದು ನಗುತ್ತಾ ಮನೆಗೆ ಬಂದಿದ್ದೆ. ಮನೆಯಲ್ಲಿ ನಾನು ನಕ್ಕ ದಾಖಲೆ ಇಷ್ಟೇ. ಬಿಟ್ಟು ಬಂದ ಎರಡು ಊರಲ್ಲೂ ಅವಳು ಹಬ್ಬಿಸಿದ ಹೀರೆ ಬಳ್ಳಿಯ ಕಾಯಿ ತಿಂದವರು ನಮ್ಮ ನಂತರ ಆ ಮನೆಗೆ ಬಂದವರು. ಇಲ್ಲಿಯ ಬಳ್ಳಿ ಆಗಷ್ಟೇ ಹೂ ಬಿಟ್ಟಿತ್ತು. ವರ್ಗವಿಲ್ಲ ಎಂದು ಆಣೆ ಮಾಡಿ, ಧೈರ್ಯಕ್ಕೆಂದು ಮತ್ತೊಮ್ಮೆ ನಕ್ಕೆ. ಅವಳ ಕಣ್ಣು ತುಂಬಿ ಬಂತು. ಎದ್ದವಳೇ ಸಾಮಾನು ಕಟ್ಟಲು ದೊಡ್ಡ ಹಂಡೆ ಕೆಳಗಿಳಿಸಿದಳು. ಹಂಡೆಯ ಸದ್ದು ಕೇಳಿ ಪಕ್ಕದ ಮನೆಯ ಅಜ್ಜಿ ಬಂದು, ಬಳ್ಳಿಗೆ ತಾನು ನೀರು ಹಾಕುವೆನೆಂದು ಸಮಾಧಾನ ಹೇಳಿದಳು. ಬೇರೆ ದಾರಿ ಕಾಣದೆ ಹಕೀಮರ ಔಷಧಿಯ ವಿಷಯ ಬಾಯಿಬಿಟ್ಟೆ.

ಶಾಂತವ್ವ ನನ್ನನ್ನೇ ದಿಟ್ಟಿಸಿದಳು. "ಅದು ನಗಿ ಏನ್ರಿ? ಹಲ್ಲು ಕೀಳಿಸ್ಕೊಳ್ಳಾಕ ನಿಂತಂಗ ಕಂಡ್ರಿ."

ಹೇಳುತ್ತಲೇ ನಗಲಾರಂಭಿಸಿದಳು. ಬಾಯಿ ಮುಚ್ಚಿಕೊಳ್ಳಲು ಹೋಗಿ ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡಳು. ಅದನ್ನು ನೋಡಿ ನನಗೂ ನಗು ತಡೆಯಲಾಗಲಿಲ್ಲ. ಎಷ್ಟು ಸುಖವಾಯಿತೆಂದರೆ, ಅಂದು ಮೂರು ರೊಟ್ಟಿ ತಿಂದೆ. ಹೊಟ್ಟೆ ತಕರಾರು ಮಾಡಲಿಲ್ಲ.

ಹೀರೆಕಾಯಿ ಈಗ ಬೇಡವೆಂದರೂ ಬಿಡುತ್ತಿದೆ. ಆದರೆ ಈಗ ನಾನು ನಗದೆ ಒಳಗೆ ಬಂದರೆ ರೊಟ್ಟಿಯ ಸಪ್ಪಳ ನಿಲ್ಲುತ್ತದೆ, ಅವಳ ಕಣ್ಣು ಹಂಡೆಯತ್ತ ಹೊರಳುತ್ತದೆ. ಹಾಗಾಗಿ ಮಧ್ಯಾಹ್ನದಿಂದಲೇ ಕಚೇರಿಯಲ್ಲಿ ನಗೆಯ ತಾಲೀಮು ನಡೆಸುತ್ತೇನೆ. ಪೇಶ್ಕಾರರು ಹೇಳಿದ್ದು ನಿಜ, ಬಂದವರು ಕೂತುಬಿಡುತ್ತಾರೆ. ನಿನ್ನೆ ಒಬ್ಬರು ಕೆಲಸ ಮುಗಿಸಿ ಏಳಲು ಹೊರಟಿದ್ದರು. ನಾನೇ ಕೈ ಹಿಡಿದು ಕೂರಿಸಿದೆ. ನಮ್ಮ ಬಳ್ಳಿಯ ಕತೆ ಇನ್ನೂ ಮುಗಿದಿರಲಿಲ್ಲ.