ಸೋತು ನಕ್ಕ ಹತ್ತೊಂಬತ್ತನೇ ನಂಬರಿನವರಿಗೆ

ಇವರಿಗೆ,
ಶ್ರೀಮಾನ್ ಡಾರ್ಸಿ ಕಿನ್ಸೆಲ್ಲಾ ಅವರು,
ಟಾರಂಬೂಲ್ ಫುಟ್ಬಾಲ್ ಕ್ಲಬ್ಬಿನ ಗೋಲು ಹೊಡೆಯುವ ಹುದ್ದೆಯಲ್ಲಿ ಕಳೆದ ಶನಿವಾರದವರೆಗೆ ಇದ್ದವರು.

ವಿಷಯ: ಸೋಲುತ್ತಿದ್ದ ಪಂದ್ಯದಲ್ಲಿ ತಾವು ನಕ್ಕಿದ್ದರಿಂದ ಊರಿಗೆ ಉಂಟಾಗಿರುವ ತೊಂದರೆ.

ಮಾನ್ಯರೇ,

ತಮ್ಮ ಎರಡೂ ಮೊಣಕಾಲುಗಳಿಗೆ, ಗೋದಿ ಹೊಲಕ್ಕೆ, ಟ್ರ್ಯಾಕ್ಟರಿಗೆ, ಹಾಗೂ ಇವೆಲ್ಲದರ ಯಜಮಾನರಾದ ತಮಗೆ ಈ ಕೆಳಗೆ ಸಹಿ ಮಾಡಿರುವ ನೋಲಾ ಪೆಂಗೆಲ್ಲಿ ಎಂಬವಳ ಸವಿನಯ ನಮಸ್ಕಾರಗಳು. ಈ ಪತ್ರವನ್ನು ತಮ್ಮ ಮನೆಗೆ ಕಳುಹಿಸದೆ ಕ್ಲಬ್ಬಿನ ಕ್ಯಾಂಟೀನಿನ ಬಾಗಿಲಿಗೆ ಅಂಟಿಸುತ್ತಿರುವುದನ್ನು ಅಗೌರವವೆಂದು ಭಾವಿಸಬಾರದು. ತಮ್ಮನ್ನು ಬೈದದ್ದು ಊರ ಮುಂದೆ, ಆದ್ದರಿಂದ ಉಳಿದದ್ದೂ ಊರ ಮುಂದೆಯೇ ಆಗಲಿ ಎಂಬುದು ನನ್ನ ಅಭಿಪ್ರಾಯ. ಅಲ್ಲದೆ ಅಂಚೆಗೆ ಹಾಕಿದರೂ ಊರಿನವರೆಲ್ಲ ವಿಷಯ ತಿಳಿದುಕೊಂಡ ಮೇಲೆಯೇ ಅದು ತಮ್ಮ ಕೈ ಸೇರುವುದು ಇಲ್ಲಿನ ಪದ್ಧತಿಯಾದ್ದರಿಂದ, ನಡುವಿನವರ ಶ್ರಮವನ್ನು ಉಳಿಸಿದ್ದೇನೆ, ಅಷ್ಟೇ.

ನಾನು ಯಾರೆಂದು ತಮಗೆ ಗೊತ್ತಿದ್ದರೂ ದೂರು ಕೊಡುವವರು ತಮ್ಮ ಅರ್ಹತೆಯನ್ನು ತಿಳಿಸಬೇಕಾದ್ದು ಕ್ರಮ. ಇಪ್ಪತ್ತಾರು ವರ್ಷಗಳಿಂದ ಕ್ಲಬ್ಬಿನ ಅಂಗಿಗಳನ್ನು ಒಗೆಯುವವಳು ನಾನು. ಪ್ರತಿ ಭಾನುವಾರ ಇಪ್ಪತ್ತೆರಡು ಅಂಗಿಗಳು ನನ್ನ ಹಿತ್ತಲಿನ ತಂತಿಯ ಮೇಲೆ ಸಾಲಾಗಿ ತೂಗುತ್ತವೆ. ಪಂದ್ಯ ನೋಡದವರೂ ಆ ಸಾಲನ್ನು ನೋಡಿ ಪಂದ್ಯದ ವರದಿ ಬರೆಯಬಹುದು. ಎದೆಯ ಮೇಲೆ ಕೆಸರಿದ್ದರೆ ಅವನು ಚೆಂಡಿನ ಮೇಲೆ ಬಿದ್ದವನು, ಬೆನ್ನಿನ ಮೇಲಿದ್ದರೆ ಯಾರೋ ಬೀಳಿಸಿದವನು, ಎಲ್ಲೂ ಇಲ್ಲದಿದ್ದರೆ ಅವನ ಹೆಸರನ್ನು ಅವನ ತಾಯಿಯ ಮುಂದೆ ಎತ್ತಬಾರದು. ತಮ್ಮ ಹತ್ತೊಂಬತ್ತನೇ ನಂಬರಿನ ಅಂಗಿಯಲ್ಲಿ ಮುಂಚೆಲ್ಲ ಕೆಸರಿನ ಜೊತೆಗೆ ಬೇರೆಯವರ ಮೂಗಿನ ರಕ್ತವೂ ಇರುತ್ತಿತ್ತು. ಅದನ್ನು ತಣ್ಣೀರಿನಲ್ಲಿ ನೆನೆಹಾಕುವಾಗ ನನಗೆ ಎಂಥ ಹೆಮ್ಮೆ ಎನ್ನುತ್ತೀರಿ! ಈ ವರ್ಷ ಬರೀ ಹುಲ್ಲಿನ ಹಸಿರು ಕಲೆ. ದನ ಮೇಯಿಸಲು ಹೋದವನ ಅಂಗಿಯ ಹಾಗೆ.

ತಮ್ಮ ಹಿಂದಿನ ಮುಖದ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಪತ್ರ ಪೂರ್ಣವಾಗದು. ಆ ಮುಖ ನೋಡಿದರೆ ಕಾದ ಹಾಲು ಒಡೆಯುತ್ತಿತ್ತು. ತಾವು ಹುಬ್ಬು ಗಂಟಿಕ್ಕಿ ಮೈದಾನಕ್ಕೆ ಇಳಿದರೆ ಎದುರಾಳಿ ಊರಿನ ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಒಂದು ಋತುವಿನಲ್ಲಿ ಎಂಬತ್ತೇಳು ಗೋಲು ಹೊಡೆದಿರಿ, ಒಬ್ಬರ ಕೈಯನ್ನೂ ಕುಲುಕಲಿಲ್ಲ. ನಾವು ಎಷ್ಟು ಸಂತೋಷವಾಗಿದ್ದೆವು.

ಈ ವರ್ಷವೋ, ತಾವು ಬಿದ್ದ ಎದುರಾಳಿಯನ್ನು ಕೈಹಿಡಿದು ಎಬ್ಬಿಸುತ್ತೀರಿ. ಬಿಳಿ ಕೋಟಿನ ಗೋಲು ಅಂಪೈರಿಗೆ ‘ಥ್ಯಾಂಕ್ಸ್’ ಹೇಳುತ್ತೀರಿ. ಬೈದವರ ಕಡೆಗೂ ತಿರುಗಿ ನಗುತ್ತೀರಿ, ಅದೂ ಹಲ್ಲು ಕಾಣುವ ಹಾಗೆ. ಆ ಹಲ್ಲುಗಳು ಇಷ್ಟು ಬೆಳ್ಳಗಿವೆ ಎಂಬುದು ಹದಿನಾಲ್ಕು ವರ್ಷ ತಮ್ಮ ಆಟ ನೋಡಿದ ಊರಿಗೆ ಗೊತ್ತೇ ಇರಲಿಲ್ಲ. ಇನ್ನು ಆಟದ ವಿಷಯ. ಚೆಂಡನ್ನು ಕೈಯಲ್ಲೂ ಹಿಡಿಯಬಹುದಾದ ನಮ್ಮ ಈ ಫುಟ್ಬಾಲಿನಲ್ಲಿ ನಡುವಿನ ಎತ್ತರದ ಕಂಬಗಳ ನಡುವೆ ಒದ್ದರೆ ಆರು ಅಂಕ, ಪಕ್ಕದ ಗಿಡ್ಡ ಕಂಬದ ಕಡೆ ಜಾರಿದರೆ ಒಂದು. ಗುರಿ ತಪ್ಪಿದವನಿಗೂ ಒಂದು ಅಂಕ ಕೊಟ್ಟು ಬೆನ್ನು ತಟ್ಟುವ ಇಂಥ ಉದಾರ ಆಟ ಭೂಮಿಯ ಮೇಲೆ ಬೇರೆಯಿಲ್ಲ. ಆ ಔದಾರ್ಯವನ್ನು ತಾವು ಈ ಋತುವಿನಲ್ಲಿ ನಲವತ್ತನಾಲ್ಕು ಸಲ ಬಳಸಿಕೊಂಡಿದ್ದೀರಿ.

ಇದರಿಂದ ಪೈನ್ ಮರಗಳ ಕೆಳಗೆ ಕೂತು ಹರಟುವ ನಮ್ಮ ಹಿರಿಯರ ಬೆಂಚಿನ ನೆಮ್ಮದಿ ಹಾಳಾಯಿತು. ಒಂದು ಕಾಲದಲ್ಲಿ ಇದೇ ಕ್ಲಬ್ಬಿಗೆ ಆಡಿ ಈಗ ಆಡಿದ್ದಕ್ಕಿಂತ ಹೆಚ್ಚು ನೆನಪಿಸಿಕೊಳ್ಳುವ ಕ್ಲಾರಿ ಮೆಕಾಫ್ರಿಯವರು, ತಮ್ಮ ಮೊಣಕಾಲು ಮುಗಿಯಿತು, ನೋವು ಮುಚ್ಚಲು ತಾವು ನಗುತ್ತಿದ್ದೀರಿ ಎಂದು ಘೋಷಿಸಿದರು. ಕ್ಯಾಂಟೀನಿನ ಬೆವರ್ಲಿಯವರು ಬಿಸಿ ಪೈಗಳಿಗೆ ಟೊಮ್ಯಾಟೊ ಸಾಸು ಹಾಕುತ್ತಲೇ, ತಾವು ಬರುವ ವರ್ಷ ಕಿಲ್ಪೆರಾ ಕ್ಲಬ್ಬಿಗೆ ಹೋಗುವುದು ಖಚಿತವೆಂದೂ, ಪ್ರತಿ ಭಾನುವಾರ ತಮ್ಮ ಗಾಡಿ ಕಿಲ್ಪೆರಾ ರಸ್ತೆಯಲ್ಲಿ ಹೋಗುವುದನ್ನು ಕಣ್ಣಾರೆ ಕಂಡವರಿದ್ದಾರೆಂದೂ ಹೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಾವು. ಜುಲೈ ಮುಗಿಯುವುದರೊಳಗೆ ತಮಗೆ ಅಲ್ಲೊಂದು ಮನೆಯನ್ನೂ ಗೊತ್ತುಮಾಡಿಯಾಗಿತ್ತು. ನಾನು ಮಾತ್ರ ಈ ಎರಡೂ ಪಕ್ಷಕ್ಕೆ ಸೇರದೆ, ಕಾಲು ಸರಿಯಾಗಿದೆ, ನಿಯತ್ತೂ ಸರಿಯಾಗಿದೆ, ಕಿಚ್ಚು ಆರಿಹೋಗಿದೆ, ಅಷ್ಟೇ ಎಂದು ವಾದಿಸಿದೆ. ಇದ್ದವರಲ್ಲಿ ತಮ್ಮ ಬಗ್ಗೆ ಅತ್ಯಂತ ಕಾಳಜಿ ಇದ್ದವಳು ನಾನೇ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಈಗ ಕಳೆದ ಶನಿವಾರಕ್ಕೆ ಬರುತ್ತೇನೆ. ಎದುರಾಳಿ ಅದೇ ಕಿಲ್ಪೆರಾ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿಯುವ ಹೊತ್ತಿಗೆ ನಮ್ಮವರು ಹದಿನೇಳು ಅಂಕ ಹಿಂದಿದ್ದರು. ಆಗ ಎತ್ತರದ ಚೆಂಡೊಂದು ಬಂತು. ತಾವೂ, ತಮಗೆ ಚೆಂಡು ಸಿಗದಂತೆ ತಮ್ಮನ್ನು ಕಾಯುತ್ತಿದ್ದ ಕಿಲ್ಪೆರಾದ ಯುವಕನೂ ಒಟ್ಟಿಗೆ ಹಾರಿದಿರಿ, ಅವನು ತಮ್ಮ ಹೆಗಲಿಗೆ ಮೊಣಕಾಲೂರಿ ಚೆಂಡು ಹಿಡಿದ, ತಾವು ಕೆಸರಿನಲ್ಲಿ ಕುಳಿತಿರಿ. ಕುಳಿತವರು ಎದ್ದು ಅವನ ತಲೆಗೂದಲನ್ನು ಕೆದರಿ ನಕ್ಕಿರಿ, ಅವನೂ ನಕ್ಕ. ಇಡೀ ಊರು ಮೈದಾನದ ಸುತ್ತ ನಿಲ್ಲಿಸಿದ ಕಾರುಗಳೊಳಗಿಂದ ಅದನ್ನು ನೋಡಿತು.

ಅದರ ಬೆನ್ನಿಗೇ ವಿರಾಮದ ಸೈರನ್ ಕೂಗಿತು. ಆ ಹೊತ್ತಿನಲ್ಲಿ ಊರಿನವರು ಬೇಲಿ ದಾಟಿ ಮೈದಾನದ ನಡುವಿಗೆ ನಡೆದುಹೋಗಿ, ಆಟಗಾರರ ಸುತ್ತ ನಿಂತು ಕೋಚಿನ ಮಾತು ಕೇಳುವುದು ನಮ್ಮ ಅಜ್ಜಂದಿರ ಕಾಲದ ಹಕ್ಕು. ಆ ಹಕ್ಕಿಗೆ ಇರುವುದು ಒಂದೇ ನಿಯಮ: ಸುತ್ತ ನಿಂತವರು ಕಿವಿ ತೆರೆಯಬಹುದು, ಬಾಯಿ ತೆರೆಯಬಾರದು. ಕುಡಿದವರು ಕೂಡ ಅಲ್ಲಿ ಕೆಮ್ಮುವುದನ್ನು ತಡೆದುಕೊಳ್ಳುತ್ತಾರೆ. ಸ್ವಂತ ಮಗ ಆಡುತ್ತಿದ್ದಾಗಲೂ ತುಟಿ ಬಿಚ್ಚದ ನಾನು, ಕೋಚ್ ಬ್ರೆಂಟನ್ ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಮೂರು ಸಾಲು ಜನರ ಹಿಂದಿನಿಂದ ಹೇಳಿದ ಮಾತು ಎಲ್ಲರಿಗೂ ಕೇಳಿಸಿತು.

“ಡಾರ್ಸಿ, ನಗೋದಕ್ಕೇ ಬಂದಿದ್ರೆ ಆ ಅಂಗಿ ಬಿಚ್ಚಿಕೊಟ್ಟು ಮನೆಗೆ ಹೋಗಪ್ಪ. ಹಾಕ್ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ.”

ತಾವು ನನ್ನತ್ತ ನೋಡಿದಿರಿ. ಆಗಲೂ ನಕ್ಕಿರಿ, ಆದರೆ ಆ ಸಲ ಹಲ್ಲು ಕಾಣಲಿಲ್ಲ. ಮುಂದಿನ ಅರ್ಧ ಗಂಟೆಯಲ್ಲಿ ತಾವು ನಾಲ್ಕು ಸಲ ಗೋಲಿಗೆ ಒದ್ದಿರಿ, ನಾಲ್ಕೂ ಸಲ ಒಂದೊಂದೇ ಅಂಕ ಬಂತು, ಮೂರು ಅಂಕಗಳಿಂದ ಸೋತೆವು. ಭಾನುವಾರ ನನ್ನ ತಂತಿಯ ಮೇಲೆ ಇಪ್ಪತ್ತೊಂದೇ ಅಂಗಿಗಳು ತೂಗಿದವು. ಮಂಗಳವಾರ ಬೆಳಿಗ್ಗೆ ಇಪ್ಪತ್ತೆರಡನೆಯದು ಬ್ರೆಡ್ಡಿನ ಚೀಲವೊಂದರಲ್ಲಿ ನನ್ನ ಗೇಟಿಗೆ ನೇತುಬಿದ್ದಿತ್ತು. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಚಲಾಗಿತ್ತು. ಚೀಟಿ ಇರಲಿಲ್ಲ. ಅಂದು ಸಂಜೆ ತಾವು ಅಭ್ಯಾಸಕ್ಕೆ ಬರಲಿಲ್ಲ, ಬ್ರೆಂಟನ್ ಅವರ ಫೋನೂ ಎತ್ತಲಿಲ್ಲ.

ಇಲ್ಲಿ ನನ್ನ ಮೊದಲ ಅಧಿಕೃತ ಆಕ್ಷೇಪಣೆ. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಕೆಲಸಕ್ಕೆ ಯಾರೂ ಹೀಗೆ ಕೈ ಹಾಕಿರಲಿಲ್ಲ. ಕಾಲರಿನ ಇಸ್ತ್ರಿ ನನ್ನದಕ್ಕಿಂತ ಚೆನ್ನಾಗಿತ್ತು. ಅವಮಾನ ಮಾಡುವುದಕ್ಕೂ ಒಂದು ಮಿತಿ ಬೇಡವೇ?

ಬುಧವಾರ ಮಧ್ಯಾಹ್ನ ನನ್ನ ಮನೆಗೆ ಕಿಲ್ಪೆರಾದಿಂದ ಎಲ್ವಾ ಲಿಂಕೆ ಎಂಬ ಹಿರಿಯರು ನಿಂಬೆಹಣ್ಣಿನ ಕೇಕಿನ ಡಬ್ಬಿ ಹಿಡಿದು ಬಂದರು. ತಮ್ಮ ತಲೆಯ ಮೇಲಿಂದ ಚೆಂಡು ಕಿತ್ತುಕೊಂಡ ಆ ಯುವಕ, ಜೆಡ್, ಅವರ ಮೊಮ್ಮಗ. ಎರಡು ವರ್ಷಗಳ ಹಿಂದೆ ಇದೇ ಮೈದಾನದಲ್ಲಿ ತಮ್ಮ ಮೊಣಕೈ ತಗುಲಿ ದವಡೆ ಮುರಿದುಕೊಂಡವನೂ ಅವನೇ. ಇಷ್ಟು ದಿನ ಮೈದಾನದಿಂದ ದೂರ ಇದ್ದು ಶನಿವಾರವಷ್ಟೇ ಮರಳಿ ಬಂದಿದ್ದ ಎಂಬುದನ್ನು ನಮ್ಮ ಬೆಂಚಿನಲ್ಲಿ ಒಬ್ಬರೂ ಗಮನಿಸಿರಲಿಲ್ಲ. ನಾವು ಗಮನಿಸುವುದು ನಮ್ಮವರನ್ನು ಮಾತ್ರ.

ಎಲ್ವಾ ಅವರು ಚಹಾ ಕುಡಿಯುತ್ತಾ ಹೇಳಿದರು. ದವಡೆ ಮುರಿದಂದಿನಿಂದ ತಾವು ಪ್ರತಿ ಭಾನುವಾರ ನಲವತ್ತು ಕಿಲೋಮೀಟರು ಗಾಡಿ ಓಡಿಸಿಕೊಂಡು ಹೋಗಿ ಅವರ ಕುರಿಗಳಿಗೆ ಮೇವು ಹಾಕುತ್ತಿದ್ದಿರಂತೆ. ಹಲ್ಲಿಗೆ ತಂತಿ ಬಿಗಿಸಿಕೊಂಡು ಕೂತಿದ್ದ ಜೆಡ್‌ಗೆ ತಾವೇ ಕುಂಬಳಕಾಯಿ ಸೂಪು ಕಾಯಿಸಿಕೊಂಡು ಹೋಗುತ್ತಿದ್ದಿರಂತೆ. ದವಡೆ ಮುರಿದದ್ದಕ್ಕಿಂತ ಆ ಸೂಪು ಕುಡಿದದ್ದೇ ಅವನಿಗೆ ಹೆಚ್ಚು ಕಷ್ಟವಾಯಿತು ಎಂದು ಎಲ್ವಾ ಅವರ ಅಭಿಪ್ರಾಯ. ಮೂಳೆ ಕೂಡಿದ ಮೇಲೂ ಅವನು ಚೆಂಡು ಮುಟ್ಟಲಿಲ್ಲ. ಎತ್ತರದ ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ. ಆಗ ತಾವು ಅವನ ಜೊತೆ ಖಾಲಿ ಮೈದಾನದಲ್ಲಿ ತಿಂಗಳುಗಟ್ಟಲೆ ಚೆಂಡು ಒದ್ದಿರಿ. ಕೊನೆಗೆ ಅವನು ಒಂದು ಷರತ್ತು ಹಾಕಿದನಂತೆ: ಆ ಹಳೇ ಮುಖ ಹಾಕಿಕೊಂಡು ತಾವು ಎದುರಿಗೆ ನಿಂತರೆ ಅವನು ಆಡುವುದಿಲ್ಲ.

ಅದಕ್ಕೆ ತಾವು ಕೊಟ್ಟ ಉತ್ತರವನ್ನು ಎಲ್ವಾ ಅವರು ಹಾಗೆಯೇ ಒಪ್ಪಿಸಿದರು: “ಒಂದೇ ದಿನದಲ್ಲಿ ನಗೋಕೆ ಬರಲ್ಲ ಕಣೋ ನಂಗೆ. ಈ ವರ್ಷ ಮೊದಲನೇ ಮ್ಯಾಚಿಂದಾನೇ ಅಭ್ಯಾಸ ಮಾಡ್ಕೋತೀನಿ.”

ಮಾನ್ಯರೇ, ಇದನ್ನು ಬೆಂಚಿಗೆ ಒಂದು ಮಾತು ತಿಳಿಸಲು ತಮಗೆ ಏನಾಗಿತ್ತು? ನಾವು ಇಷ್ಟೆಲ್ಲ ಶ್ರಮಪಟ್ಟು ಮೂರು ಪಕ್ಷ ಕಟ್ಟಿದ್ದು ವ್ಯರ್ಥವಾಯಿತಲ್ಲ! ತಿಳಿಸಿದ್ದರೂ ನಾವು ಸುಮ್ಮನಿರುತ್ತಿರಲಿಲ್ಲ ಎಂಬುದು ಬೇರೆ ವಿಷಯ, ಆದರೆ ಬೇರೆ ರೀತಿಯಲ್ಲಿ ಮಾತಾಡುತ್ತಿದ್ದೆವು.

ಇನ್ನೊಂದು ಸಂಗತಿ ಹೇಳಲೇಬೇಕಾಗಿದೆ. ಅದನ್ನು ಬರೆಯಲು ಈ ಹಾಳೆಯ ಮುಂದೆ ಬಹಳ ಹೊತ್ತು ಕೂತಿದ್ದೇನೆ. ಎರಡು ವರ್ಷಗಳ ಹಿಂದೆ ಜೆಡ್ ಕೆಳಗೆ ಬಿದ್ದಾಗ ನಮ್ಮ ಕಡೆಯ ಕಾರುಗಳೆಲ್ಲ ಹಾರ್ನ್ ಹೊಡೆದವು, ಗೋಲಾದಾಗ ಹೊಡೆಯುವ ಹಾಗೆ. ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಹಾರ್ನ್ ಕೂಗುತ್ತಲೇ ಇತ್ತು. ಅದು ನನ್ನದು. ಅವನು ಎದ್ದೇಳುತ್ತಿಲ್ಲ ಎಂಬುದು ನನಗೆ ಕಾಣುತ್ತಿತ್ತು, ಆದರೂ ನಾನು ಕೈ ತೆಗೆಯಲಿಲ್ಲ. ಎಲ್ವಾ ಅವರು ಅವತ್ತು ಬೇಲಿಯ ಪಕ್ಕದಲ್ಲೇ ನಿಂತಿದ್ದರಂತೆ, ಯಾವ ಕಾರು ಎಂದೂ ಅವರಿಗೆ ಗೊತ್ತಂತೆ. ಕೇಕು ಕತ್ತರಿಸಿ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಾ ಹೇಳಿದರು. ನನಗೆ ನಾಚಿಕೆಯಾಯಿತು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಾರ್ನ್ ಹೊಡೆದರೂ ಹೋಯಿತು.

ಅವರು ಬಂದದ್ದು ಇದನ್ನು ಹೇಳುವುದಕ್ಕಲ್ಲ. ಬರುವ ಶನಿವಾರ ನಾಕೌಟ್ ಸುತ್ತಿನಲ್ಲಿ ಮತ್ತೆ ನಮಗೂ ಕಿಲ್ಪೆರಾಕ್ಕೂ ಪಂದ್ಯ, ಸೋತವರಿಗೆ ಈ ವರ್ಷದ ಆಟ ಅಲ್ಲಿಗೇ ಮುಗಿಯಿತು. ತಾವು ಅಂಗಿ ಹಿಂತಿರುಗಿಸಿದ ಸುದ್ದಿ ಜೆಡ್‌ಗೆ ತಲುಪಿದೆ. ಬೂಟುಗಳನ್ನು ಮಂಚದ ಕೆಳಗೆ ತಳ್ಳಿದ್ದಾನಂತೆ. “ಹತ್ತೊಂಬತ್ತು ಬರದೇ ಹೋದ್ರೆ ನಾನು ಯಾರನ್ನ ಕಾಯ್ಲಿ ಅಜ್ಜಿ?” ಎಂದು ಕೇಳಿದನಂತೆ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಇಂದು ಗುರುವಾರ. ಸಂಜೆ ಏಳಕ್ಕೆ ಬ್ರೆಂಟನ್ ಅವರು ಶನಿವಾರದ ತಂಡವನ್ನು ಕ್ಲಬ್ಬಿನ ಹಲಗೆಯ ಮೇಲೆ ಬರೆಯುತ್ತಾರೆ. ಗೋಲಿನ ಮುಂದಿನ ಜಾಗವನ್ನು ಖಾಲಿ ಬಿಡುವಂತೆ ನಾನು ಅವರಿಗೆ ಹೇಳಿದ್ದೇನೆ, ಅವರು ಬಿಡುತ್ತಾರೆ, ಏಕೆಂದರೆ ಅವರ ಅಂಗಿಗಳನ್ನೂ ಒಗೆಯುವವಳು ನಾನೇ. ಏಳರ ಒಳಗೆ ತಾವು ಬರಬೇಕು. ತಮ್ಮ ಇನ್ನೂರೈವತ್ತನೇ ಪಂದ್ಯಕ್ಕೆಂದು ತಾವು ಹರಿದುಕೊಂಡು ಓಡಿಬರಬೇಕಾದ ಕಾಗದದ ದೊಡ್ಡ ಬ್ಯಾನರನ್ನು ಹೆಂಗಸರು ಆಗಲೇ ಅಂಟಿಸಿದ್ದಾರೆ. ಅದರ ಮೇಲೆ ತಮ್ಮ ಹೆಸರು ಆಳೆತ್ತರಕ್ಕಿದೆ. ಅದನ್ನು ಬೇರೆ ಯಾರಿಗೂ ಬಳಸಲಾಗದು, ಆದ್ದರಿಂದ ಆ ಹೆಸರಿನವರೇ ಬೇಕು. ಮೊಣಕಾಲನ್ನು ಎರಡು ಗಂಟೆಯ ಮಟ್ಟಿಗೆ ಇಪ್ಪತ್ತೆರಡರ ವಯಸ್ಸಿನದಾಗಿ ಮಾಡಿಕೊಂಡು ಬರಬೇಕು. ಗಾಳಿಯನ್ನು ಪಶ್ಚಿಮದಿಂದ ಬೀಸದಂತೆ ಒಪ್ಪಿಸಿ ತರಬೇಕು. ನಗು ಬೇಕೆನಿಸಿದರೆ ನಗಬಹುದು, ಎಷ್ಟು ಬೇಕಾದರೂ. ನನ್ನನ್ನು ನೋಡಿ ಮಾತ್ರ ನಗಬೇಡಿ. ಅದಕ್ಕೆ ನಾನಿನ್ನೂ ತಯಾರಾಗಿಲ್ಲ.

ಅಂಗಿ ನನ್ನ ಅಡಿಗೆಮನೆಯ ಕುರ್ಚಿಯ ಬೆನ್ನಿಗಿದೆ. ಬೇರೆ ಯಾರೂ ಹಾಕಿಕೊಂಡಿಲ್ಲ. ಬೇಕಾದಷ್ಟು ಜನ ಇದ್ದಾರೆ ಎಂದು ನಾನು ಅವತ್ತು ಹೇಳಿದ್ದು ಸುಳ್ಳು. ಒಬ್ಬರೂ ಇಲ್ಲ.

ಹಿಂಬಾಗಿಲಿಗೆ ಚಿಲಕ ಹಾಕದೆ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ನೋಲಾ ಪೆಂಗೆಲ್ಲಿ

ವಿ.ಸೂ.: ಹೊರಡುವಾಗ ಎಲ್ವಾ ಅವರು ಇನ್ನೊಂದು ಸುದ್ದಿ ಹೇಳಿದರು. ಗೆದ್ದ ಕಿಲ್ಪೆರಾದಲ್ಲೂ ಒಂದು ಬೆಂಚು ಇದೆಯಂತೆ. ಅಲ್ಲಿನ ಹಿರಿಯರು ಈ ವಾರವೆಲ್ಲ ಚರ್ಚಿಸುತ್ತಿರುವುದು ಒಂದೇ: ಅಷ್ಟು ಒಳ್ಳೆಯ ಚೆಂಡು ಹಿಡಿದ ನಮ್ಮ ಜೆಡ್ ಶತ್ರುವಿನ ಜೊತೆ ನಕ್ಕಿದ್ದು ಯಾಕೆ, ಅವನಲ್ಲಿ ಕಿಚ್ಚು ಕಡಿಮೆಯೇ? ಶನಿವಾರ ವಿರಾಮದ ಹೊತ್ತಿಗೆ ನನ್ನನ್ನು ನಮ್ಮವರ ಸುತ್ತಿನಲ್ಲಿ ಹುಡುಕಬೇಡಿ. ನಾನು ಅವರ ಸುತ್ತಿನಲ್ಲಿ, ಮೂರನೇ ಸಾಲಿನಲ್ಲಿ, ಯಾರ ಬಾಯಿ ತೆರೆಯುವ ಹಾಗೆ ಕಾಣುತ್ತದೋ ಅವರ ಪಕ್ಕದಲ್ಲೇ ನಿಂತಿರುತ್ತೇನೆ.