ಸೇತುವೆ ಒಂದು ಪುಟದಲ್ಲಿ, ರಸ್ತೆ ಇನ್ನೊಂದರಲ್ಲಿ

ರಾಜ್ಯದ ಮುಂಗಡಪತ್ರಕ್ಕಾಗಿ ಕಾಮಗಾರಿಗಳ ಪಟ್ಟಿ ಬರೆಯುವ, ಹೆಸರು ತಿಳಿಯದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಸೇಡಂ ತಾಲ್ಲೂಕಿನ ಕಲ್ಲಕುಂಟಾ ಗ್ರಾಮದ ನಾಲ್ಕು ನೂರು ಮನೆಗಳ ಪರವಾಗಿ, ಹಾಗೆಯೇ ಬೇಸಿಗೆಯಾದ್ದರಿಂದ ಸದ್ಯಕ್ಕೆ ದನಿ ಎತ್ತುವ ಸ್ಥಿತಿಯಲ್ಲಿಲ್ಲದ ನಮ್ಮ ಊರ ಮುಂದಿನ ಹಳ್ಳದ ಪರವಾಗಿ, ತಮಗೆ ಶರಣು ಶರಣಾರ್ಥಿ. ತಾವು ಕ್ಷೇಮವಾಗಿದ್ದೀರಿ, ತಮ್ಮ ಕಚೇರಿಗೆ ಹೋಗುವ ದಾರಿ ಸುಗಮವಾಗಿದೆ ಎಂದು ನಂಬಿದ್ದೇನೆ.

ನಾನು ಉಮಾದೇವಿ, ಇಲ್ಲಿಯ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಪ್ರತಿ ವರ್ಷ ಮುಂಗಡಪತ್ರ ಮಂಡನೆಯಾದ ಮೇಲೆ ಅದರ ಹಿಂದೆ ಜೋಡಿಸುವ ಕಾಮಗಾರಿಗಳ ಪಟ್ಟಿಯನ್ನು ಹೇಗಾದರೂ ಮಾಡಿ ತರಿಸಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಓದುವ ಚಟ ನನಗಿದೆ. ಬೇರೆಯವರು ಸಂಜೆ ಟಿವಿಯಲ್ಲಿ ಧಾರಾವಾಹಿ ನೋಡುತ್ತಾರೆ. ನಾನು ಇದನ್ನು ಓದುತ್ತೇನೆ. ಎರಡರಲ್ಲೂ ಕಥೆ ಬೇಗ ಮುಗಿಯುವುದಿಲ್ಲ.

ನಾಲ್ಕು ವರ್ಷದ ಹಿಂದೆ ಮಾರ್ಚಿನಲ್ಲಿ ಆ ಪಟ್ಟಿಯೊಳಗೆ ನಮ್ಮೂರಿನ ಹೆಸರು ಮೊದಲ ಬಾರಿಗೆ ಕಾಣಿಸಿತು. 'ಕಲ್ಲಕುಂಟಾ ಹಳ್ಳಕ್ಕೆ ಸೇತುವೆ ನಿರ್ಮಾಣ' ಎಂಬ ಒಂದೇ ಸಾಲು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆಯ ಹೈಸ್ಕೂಲು, ಬಸ್ಸು, ದವಾಖಾನೆ ಎಲ್ಲವೂ ನಾಲ್ಕೈದು ದಿನ ಕಣ್ಣಿಗೆ ಕಾಣುವ, ಕಾಲಿಗೆ ಸಿಗದ ಜಾಗಗಳಾಗುವುದು ನಮಗೆ ರೂಢಿಯಾಗಿತ್ತು. ಆ ಸಾಲನ್ನು ನಾನು ಗ್ರಂಥಾಲಯದ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದಾಗ ಜನ ಎರಡು ಸಲ ಓದಿಸಿದರು. ಸದನದಲ್ಲಿ ಸಭಾಧ್ಯಕ್ಷರು ಕೇಳಿ, ಸದಸ್ಯರು 'ಹೌದು' ಎಂದು ಒಮ್ಮೆ ಕೂಗಿದರೆ ಸಾವಿರಾರು ಕಾಮಗಾರಿಗಳಿಗೆ ಒಟ್ಟಿಗೆ ಒಪ್ಪಿಗೆ ಸಿಗುತ್ತದೆಂದು ವಿವರಿಸಿದೆ. ಅದನ್ನು ಕೇಳಿದ ಮೇಲೆ ನಮ್ಮವರೂ ಒಮ್ಮೆ 'ಹೌದು' ಎಂದು ಕೂಗಿದರು.

ಎರಡು ವರ್ಷದಲ್ಲಿ ಸೇತುವೆ ಎದ್ದಿತು. ಮಾನ್ಯರೇ, ಈ ಮಾತಿನಲ್ಲಿ ವ್ಯಂಗ್ಯವಿಲ್ಲ, ಅದು ನಿಜಕ್ಕೂ ಒಳ್ಳೆಯ ಸೇತುವೆ. ಕಂಬಗಳು ಗಟ್ಟಿ, ಕೈಪಿಡಿಗೋಡೆಗೆ ಹಳದಿ-ಕಪ್ಪು ಬಣ್ಣ. ಎರಡೂ ತುದಿಗಳು ನೆಲದಿಂದ ಒಂದೂವರೆ ಆಳೆತ್ತರದಲ್ಲಿ ನಿಂತಿದ್ದವು ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಕುಂದು ಹೇಳಲು ಏನೂ ಇರಲಿಲ್ಲ. ಗುತ್ತಿಗೆದಾರರ ಜನ ಯಂತ್ರಗಳನ್ನು ಲಾರಿಗೆ ಏರಿಸುವಾಗ, ಮಣ್ಣು ಹಾಕುವವರು ಯಾವಾಗ ಬರುತ್ತಾರೆಂದು ನಾನು ಕಿರಿಯ ಎಂಜಿನಿಯರ್ ಶರಣಕುಮಾರರನ್ನು ಕೇಳಿದೆ. ಚಿಂಚೋಳಿ ಕಡೆಯ ಹುಡುಗ, ಸುಳ್ಳು ಹೇಳಲು ಇನ್ನೂ ಕಲಿತಿರಲಿಲ್ಲ.

"ಮೇಡಂ, ಸೇತುವಿ ಒಂದು ಪುಟದಾಗ ಅದ, ಕೂಡುರಸ್ತಿ ಇನ್ನೊಂದು ಪುಟದಾಗ ಬರಬೇಕು. ಆ ಪುಟ ಇನ್ನಾ ಬಂದಿಲ್ರಿ."

ಸೇತುವೆಗೆ ಒಂದು ಲೆಕ್ಕ ಶೀರ್ಷಿಕೆ, ಅದನ್ನು ಮುಟ್ಟುವ ರಸ್ತೆಗೆ ಮತ್ತೊಂದು. ಒಂದರ ಹಣ ಇನ್ನೊಂದಕ್ಕೆ ಸಲ್ಲದು. ಇಂಥ ಸೂಕ್ಷ್ಮವಾದ ವಿಂಗಡಣೆ ನಮ್ಮಂಥವರಿಗೆ ಹೊಳೆಯುವುದಿಲ್ಲ. ನಾವು ಮನೆ ಕಟ್ಟುವಾಗ ಮೆಟ್ಟಿಲನ್ನೂ ಅದೇ ವರ್ಷ ಕಟ್ಟಿಬಿಡುವಷ್ಟು ಅವಸರದ ಜನ.

ನಮ್ಮ ಭೀಮಶ್ಯಾ, ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿ ಮೂವತ್ತು ವರ್ಷ ದುಡಿದು ಈಗ ಊರಲ್ಲಿರುವ ಮನುಷ್ಯ, ಎರಡೂ ತುದಿಗೆ ಒಂದೊಂದು ಏಣಿ ಮಾಡಿ ನಿಲ್ಲಿಸಿದರು. ಹತ್ತಿ, ನಡೆದು, ಇಳಿಯುವ ಸೇತುವೆ ಅದಾಯಿತು. ಶಾಲೆಯ ಮಕ್ಕಳು ಏರಿದರು, ಅಂಚೆಯವರು ಏರಿದರು, ಸಾಬಮ್ಮ ಏರಿದರು. ಸಾಬಮ್ಮನಿಗೆ ಅರವತ್ತು ದಾಟಿದೆ. ದಿನಾ ಬೆಳಿಗ್ಗೆ ಮೊಸರಿನ ಗಡಿಗೆ ಹೊತ್ತು ಆಚೆ ದಡಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಕೋಡ್ಲಾದ ಸಂತೆಬೀದಿಯಲ್ಲಿ ಮಾರಿ ಬರುವವರು. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ತಲೆಯ ಮೇಲಿನ ಗಡಿಗೆ ಹಿಡಿದು ಅವರು ಏರುವಾಗ ಕೆಳಗಿನಿಂದ ನೋಡುವ ನಮಗೇ ಭಯವಾಗುತ್ತಿತ್ತು. "ಸಾಬವ್ವ, ಅಂಜಿಕಿ ಬರಲ್ಲೇನು?" ಎಂದು ಕೇಳಿದರೆ, "ಅಂಜಿದ್ರ ಮಸರು ಹುಳಿ ಆಗ್ತದ ತಂಗಿ" ಎನ್ನುತ್ತಿದ್ದರು.

ಹೋದ ವರ್ಷದ ಪಟ್ಟಿಯಲ್ಲಿ ಆ ಇನ್ನೊಂದು ಪುಟವೂ ಬಂತು. 'ಕಲ್ಲಕುಂಟಾ ಸೇತುವೆಗೆ ಕೂಡುರಸ್ತೆ' ಎಂದಿತ್ತು, ಎದುರಿಗೆ ಒಂದು ಲಕ್ಷ ರೂಪಾಯಿ ಎಂದಿತ್ತು. ಇದು ಕೆಲಸ ಮಾಡುವ ಹಣವಲ್ಲ, ಕಾಮಗಾರಿಯ ಹೆಸರು ಪಟ್ಟಿಯಿಂದ ಅಳಿಯದ ಹಾಗೆ ಇಡುವ ಹಣ ಎಂದು ಶರಣಕುಮಾರರು ತಿಳಿಸಿದರು. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದಂತೆ ಎಂದು ನಾನು ಊರವರಿಗೆ ಅರ್ಥ ಮಾಡಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಸೇತುವೆಯ ಬಗ್ಗೆ ನಗೆಮಾತು ಆಡುವುದರಲ್ಲಿ ಆಗ ನನ್ನನ್ನು ಮೀರಿಸುವವರಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಎರಡು ದಿನದಿಂದ ಬಿಡದ ಜಿಟಿಜಿಟಿ ಮಳೆಯಲ್ಲಿ, ಸಾಬಮ್ಮ ಊರ ಕಡೆಯ ಏಣಿಯ ಎಂಟನೆಯ ಮೆಟ್ಟಿಲಿನಿಂದ ಜಾರಿ ಬಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಅವರು ಮೊಸರು ಚೆಲ್ಲಿದ ಕೆಸರಿನಲ್ಲಿ ಮಲಗಿದ್ದರು, ಬಲಗಾಲು ಇರಬಾರದ ಕಡೆ ತಿರುಗಿತ್ತು. ಹಳ್ಳ ಎರಡೂ ದಡ ತುಂಬಿ ಹರಿಯುತ್ತಿತ್ತು. ಆಂಬುಲೆನ್ಸ್ ಅರ್ಧ ಗಂಟೆಯಲ್ಲೇ ಬಂತು, ಆಚೆ ದಡಕ್ಕೆ. ಅಂದರೆ ಕಾಲು ಮುರಿದವರನ್ನು ಅವರು ಯಾವ ಸೇತುವೆ ಏರಲು ಹೋಗಿ ಬಿದ್ದರೋ ಅದೇ ಸೇತುವೆಗೆ ಏರಿಸಬೇಕಿತ್ತು.

ಭೀಮಶ್ಯಾ ನುಲಿ ಹೊರಸು, ಅಂದರೆ ಹಗ್ಗ ಹೆಣೆದ ಮಂಚ, ತರಿಸಿ, ಸಾಬಮ್ಮನನ್ನು ಅದಕ್ಕೆ ಸೀರೆಗಳಿಂದ ಬಿಗಿದು, ನಾಲ್ಕು ಮೂಲೆಗೆ ಬಾವಿಯ ಹಗ್ಗ ಕಟ್ಟಿದರು. ಎಂಟು ಜನ ಮೇಲಿನಿಂದ ಎಳೆದರು, ನಾವು ಕೆಳಗಿನಿಂದ ಆಸರೆ ಕೊಟ್ಟೆವು. ಹೊರಸು ಅರ್ಧದಲ್ಲಿ ವಾಲಿತು. ಸಾಬಮ್ಮ ಹೊರಸಿನಿಂದಲೇ ಗದರಿದರು.

"ಏ ಭೀಮಶ್ಯಾ, ಮೆಲ್ಲಕ ಎತ್ತೋ! ನಾ ಏನು ಸಿಮೆಂಟಿನ ಚೀಲೇನು?"

"ಸುಮ್ಕಿರು ಸಾಬವ್ವ, ಚೀಲ ಆಗಿದ್ರ ಇಷ್ಟು ಒದರ್ತಿರಲಿಲ್ಲ" ಎಂದು ಭೀಮಶ್ಯಾ ಹೇಳಿದರು. ಹೇಳುವಾಗ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಏಣಿ ಮಾಡಿದ್ದು ಅವರ ಕೈಯಲ್ಲವೇ. ಆಚೆ ತುದಿಯಲ್ಲಿ ಮತ್ತೆ ಹಗ್ಗ, ಮತ್ತೆ ಇಳಿಸುವುದು. ನಾನು ಛತ್ರಿ ಹಿಡಿದು ಜೊತೆಗೆ ನಡೆದೆ. ನನ್ನ ಟವೆಲ್ಲಿನ ಹಾಸ್ಯ ನೆನಪಾಗಿ ನಾಚಿಕೆಯಾಯಿತು.

ಆ ವಾರವೇ ಭೀಮಶ್ಯಾ ಗ್ರಂಥಾಲಯಕ್ಕೆ ಬಂದು, ಎಂದೂ ಕೂರದವರು ಕೂತರು. "ಅಕ್ಕೋರೆ, ಶಹಾಬಾದಾಗ ಪಾಲಿಶ್ ಮಾಡಿ ಉಳಿದ ಕಲ್ಲಿನ ಚೂರು ಗುಡ್ಡ ಗುಡ್ಡ ಬಿದ್ದದ. ಒಯ್ದ್ರ ಮಾಲಕರು ಬ್ಯಾಡ ಅನ್ನಲ್ಲ, ಖುಷಿ ಪಡ್ತಾರ. ನಾವೇ ಹಾಕ್ಕೋಣ. ಇನ್ನೊಬ್ಬರು ಬೀಳೂತನಕ ನಾ ಕಾಯಲ್ಲ."

ಮಳೆ ಬಿಟ್ಟ ಮೇಲೆ ಕೆಲಸ ಸುರುವಾಯಿತು. ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್ ಕೊಟ್ಟರು, ಡೀಸೆಲ್ಲಿಗೆ ಊರೆಲ್ಲ ಹಣ ಕೂಡಿಸಿತು. ಚಿತ್ತಾಪುರ, ವಾಡಿ ಕಡೆ ಕಟ್ಟಡದ ಗೌಂಡಿ ಕೆಲಸಕ್ಕೆ ಹೋಗುವ ಹುಡುಗರು ರಜೆಯ ದಿನ ಊರಲ್ಲೇ ದುಡಿದರು. ಕೆಳಗೆ ದಪ್ಪ ಕಲ್ಲು, ನಡುವೆ ಚೂರು, ಮೇಲೆ ಮುರುಮು ಮಣ್ಣು. ಹೆಂಗಸರು ನೀರು ಹೊಡೆದು ದಮ್ಮಸು ಹಾಕಿದರು. ಹತ್ತು ಭಾನುವಾರಗಳಲ್ಲಿ ಎರಡೂ ಕಡೆ ಇಳಿಜಾರು ಸಿದ್ಧವಾಯಿತು. ಅದರ ಮೇಲೆ ಮೊದಲು ಬಂದ ಗಾಡಿ, ಕಾಲಿಗೆ ಸಲಾಕೆ ಹಾಕಿಸಿಕೊಂಡು ಅಲ್ಲಿಯವರೆಗೆ ಆಚೆ ದಡದ ನೆಂಟರ ಮನೆಯಲ್ಲಿದ್ದ ಸಾಬಮ್ಮನನ್ನು ಮನೆಗೆ ತಂದ ಆಟೊ. ಅವರು ಸೇತುವೆಯ ನಡುವೆ ಆಟೊ ನಿಲ್ಲಿಸಿ, ತಲೆ ಹೊರಗೆ ಹಾಕಿ, ಹಳ್ಳವನ್ನು ನೋಡಿದರು. "ಕುಂತಲ್ಲೇ ದಾಟಿದೆ ನೋಡು" ಎಂದಷ್ಟೇ ಹೇಳಿದರು.

ಮಾನ್ಯರೇ, ತಮ್ಮ ಕೀರ್ತಿ ನಿಜವಾಗಿ ಬೆಳಗುವುದು ಇಲ್ಲಿಂದ ಮುಂದೆ. ಜನವರಿಯ ಒಂದೇ ಅಂಚೆಯಲ್ಲಿ ಊರಿಗೆ ಎರಡು ಕಾಗದ ಬಂದವು. ಮೊದಲನೆಯದು ಚಳಿಗಾಲದ ಅಧಿವೇಶನದಲ್ಲಿ ನಮ್ಮ ಶಾಸಕರು ಕೇಳಿದ ಪ್ರಶ್ನೆಗೆ ಸಿಕ್ಕ ಲಿಖಿತ ಉತ್ತರದ ಪ್ರತಿ: 'ಸದರಿ ಸೇತುವೆಯು ಕೂಡುರಸ್ತೆ ಸಹಿತ ಸಂಚಾರಕ್ಕೆ ಮುಕ್ತವಾಗಿದ್ದು, ಕಾಮಗಾರಿಯನ್ನು ಪಟ್ಟಿಯಿಂದ ಕೈಬಿಡಲಾಗಿದೆ.' ಎರಡನೆಯದು ಪಂಚಾಯಿತಿಗೆ ಬಂದ ನೋಟೀಸು: 'ಸರ್ಕಾರಿ ಸೇತುವೆಗೆ ತಾಗಿ ಅನಧಿಕೃತವಾಗಿ ಸುರಿದಿರುವ ಕಲ್ಲುಗಳನ್ನು ಹದಿನೈದು ದಿನದೊಳಗೆ ತೆರವುಗೊಳಿಸತಕ್ಕದ್ದು.' ಒಂದೇ ರಸ್ತೆಯನ್ನು ಮುಗಿದದ್ದೂ ಇಲ್ಲದ್ದೂ ಆಗಿಸುವ ವಿದ್ಯೆ ಯೋಗಿಗಳಿಗೂ ದುರ್ಲಭ.

ಭೀಮಶ್ಯಾ ಮತ್ತು ನಾನು ಎರಡೂ ಕಾಗದ ಹಿಡಿದು ನೋಟೀಸು ಕಳಿಸಿದ ಕಚೇರಿಗೆ ಹೋದೆವು. "ಬರ್ರಿ, ಕುಂದ್ರಿ" ಎಂದು ಸಾಹೇಬರು ಮರ್ಯಾದೆಯಿಂದ ಕೂರಿಸಿದರು, ಎರಡನ್ನೂ ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು.

"ಮೇಡಂ, ಎರಡೂ ಖರೇನೇ ಅವ. ಏನು ಮಾಡಲಿ?"

"ಸಾಹೇಬ್ರ," ಎಂದರು ಭೀಮಶ್ಯಾ, "ಕಲ್ಲು ತೆಗೀ ಅಂದ್ರ ತೆಗೀತೀವಿ. ಆದ್ರ ಸದನದಾಗ ರಸ್ತಿ ಅದ ಅಂತ ಹೇಳ್ಯಾರಲ್ಲ, ನಾವು ತೆಗದ್ರ ಅವರ ಮಾತು ಸುಳ್ಳ ಆಗ್ತದ. ಅಷ್ಟು ದೊಡ್ಡವರನ್ನ ಸುಳ್ಳ ಮಾಡಾಕ ನಮಗ ಧೈರ್ಯ ಇಲ್ರಿ."

ಸಾಹೇಬರು ಮೊದಲು ನನ್ನನ್ನು, ಆಮೇಲೆ ಅವರನ್ನು ನೋಡಿದರು. ನಗು ತಡೆಯಲು ಬಹಳ ಕಷ್ಟಪಟ್ಟರು, ಪಾಪ. ಮುಂದಿನ ಭಾನುವಾರ ಶರಣಕುಮಾರರು ಸ್ವಂತ ಬೈಕಿನಲ್ಲಿ, ಸ್ವಂತ ಟೇಪು ಹಿಡಿದು ಬಂದರು. ಇಡೀ ದಿನ ಅಳೆದು, "ಕಾಕಾ, ನಾ ಪ್ಲ್ಯಾನಿನಾಗ ಹಾಕಿದ ಇಳಿಜಾರಕಿಂತ ಇದು ಭಾಳ ಚೊಲೊ ಅದ. ಬಗಲಿಗಿ ಒಂದು ತಡೆಗ್ವಾಡಿ ಕಟ್ರಿ, ನೀರು ಹೋಗಾಕ ಎರಡು ಪೈಪು ಇಡ್ರಿ" ಎಂದರು. ನಾವು ಕಟ್ಟಿದೆವು, ಇಟ್ಟೆವು. ಅವರು ವರದಿ ಬರೆದರು. ಮಾರ್ಚ್ ಕೊನೆಯಲ್ಲಿ 'ತೆರವು ನೋಟೀಸನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ' ಎಂಬ ಕಾಗದ ಬಂತು. ಭೀಮಶ್ಯಾ ಅದನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿ, ಅದರ ಕೆಳಗೆ ಕೂತು ಚಹಾ ಕುಡಿದರು. ಅವರ ಮುಖ ಅಷ್ಟು ಹಗುರಾಗಿದ್ದನ್ನು ಆಗಸ್ಟ್ ನಂತರ ನಾನು ಕಂಡಿರಲಿಲ್ಲ.

ಆದುದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಇನ್ನು ಮುಂದೆ ಯಾವ ಊರಿಗಾದರೂ ಸೇತುವೆ ಬರೆಯುವಾಗ ಅದರ ರಸ್ತೆಯನ್ನೂ ಅದೇ ಪುಟದಲ್ಲಿ ಬರೆಯಲು ಜಾಗವಿಲ್ಲದಿದ್ದರೆ, ದಯವಿಟ್ಟು ಅಕ್ಷರ ಸಣ್ಣದು ಮಾಡಿ. ಅದೂ ಆಗದಿದ್ದರೆ ಹಳ್ಳಕ್ಕೊಂದು ಸುತ್ತೋಲೆ ಹೊರಡಿಸಿ, ಎರಡನೆಯ ಪುಟ ಮಂಜೂರಾಗುವವರೆಗೆ ಅದು ಮೊಣಕಾಲು ಮೀರಬಾರದೆಂದು ಆದೇಶಿಸಬೇಕು. ಮಳೆಗಾಲವನ್ನು ಜೂನ್‌ನಿಂದ ತೆಗೆದು, ಅನುದಾನ ಬಿಡುಗಡೆಯಾಗುವ ತಿಂಗಳಿಗೆ ಸ್ಥಳಾಂತರಿಸುವ ಬಗ್ಗೆಯೂ ಸದನ ಒಂದು ದಿನ ಚರ್ಚಿಸಬಹುದು. 'ಹೌದು' ಎನ್ನುವವರು ಅಲ್ಲಿ ಹೇಗೂ ಇದ್ದೇ ಇದ್ದಾರೆ.

ಇಷ್ಟಾಗಿಯೂ ಸೇತುವೆ ಕೊಟ್ಟ ತಮಗೆ ಕೃತಜ್ಞತೆ. ತಾವು ಒಮ್ಮೆ ಬಂದು ನೋಡಬೇಕು. ಬಂದರೆ ಸಾಬಮ್ಮನ ಮನೆಯಲ್ಲಿ ಊಟ. ಎಮ್ಮೆ ಈಗಲೂ ಹಾಲು ಕೊಡುತ್ತಿದೆ, ಮೊಸರು ಮಾರಲು ಅವರ ಸೊಸೆ ಹೋಗುತ್ತಾಳೆ.

ಎರಡೂ ದಡಗಳಿಂದ ತಮ್ಮ ವಿಶ್ವಾಸಿ,
ಉಮಾದೇವಿ
ಕಲ್ಲಕುಂಟಾ

ಮತ್ತೊಂದು ಮಾತು: ಈ ಪತ್ರ ಮುಗಿಸಿ ಲಕೋಟೆಗೆ ಹಾಕುವಾಗ ನೋಟೀಸು ಕಳಿಸಿದ ಕಚೇರಿಯಿಂದಲೇ ಇನ್ನೊಂದು ಕಾಗದ ಬಂದಿದೆ. ಬರುವ ತಿಂಗಳು ಸೇತುವೆಯ ಉದ್ಘಾಟನೆಯಂತೆ. ಗ್ರಾಮಸ್ಥರು ಹಾಕಿದ ಇಳಿಜಾರು ಗಣ್ಯರ ಹನ್ನೊಂದು ಕಾರುಗಳ ಭಾರ ತಾಳುವುದೇ ಎಂದು ಲಿಖಿತವಾಗಿ ತಿಳಿಸಬೇಕಂತೆ. ಭೀಮಶ್ಯಾ ಹೇಳಿದ್ದನ್ನು ಇದ್ದಂತೆಯೇ ಬರೆದು ಕಳಿಸಿದ್ದೇನೆ, ತಮ್ಮ ಗಮನಕ್ಕೂ ಇರಲಿ: "ತಾಳ್ತದ, ಬರ್ಲಿ. ಒಂದೊಂದೇ ಬರ್ಲಿ, ಮೆಲ್ಲಕ ಬರ್ಲಿ. ಇಳದು ನಡಕೊಂತ ಬಂದ್ರಂತೂ ಇನ್ನಾ ಚೊಲೊ."